ಶಿಕಾಗೊದ 44ನೇ ಮಹಡಿಯಲ್ಲಿ ನಾಲ್ಕು ರಾತ್ರಿ

ಮಗ ಅಮೆರಿಕದ ಮಿಲ್ವಾಕಿಯಲ್ಲಿದ್ದಾನೆ. ಆಫೀಸ್ ಕೆಲಸಕ್ಕೆ ಊರೂರು ಸುತ್ತಿ ಹೋಟೆಲ್ ಪಾಯಿಂಟ್ಸ್ ಗುಡ್ಡೆ ಹಾಕಿಕೊಂಡಿದ್ದ. ನಮ್ಮ ಮದುವೆಗೆ 30 ವರ್ಷ ತುಂಬಿತು ಅಂತ ಅದನ್ನೆಲ್ಲ ಸುರಿದು ಶಿಕಾಗೊದ ದೊಡ್ಡ ಹೋಟೆಲೊಂದರಲ್ಲಿ ನಾಲ್ಕು ರಾತ್ರಿ ಬುಕ್ ಮಾಡಿಬಿಟ್ಟ. "ಅಮ್ಮ, ಸುಮ್ನೆ ಹೋಗಿ ಬನ್ನಿ, ಒಂದು ಪೈಸೆ ಖರ್ಚಿಲ್ಲ" ಅಂದ. ಈ ಮಾತು ಎಷ್ಟು ನಿಜ ಅನ್ನೋದು ಹೋಟೆಲ್ ಒಳಗೆ ಕಾಲಿಟ್ಟ ಕಾಲು ಗಂಟೆಯಲ್ಲೇ ಗೊತ್ತಾಯಿತು, ಅದಿರಲಿ.

ಇವರ ಬಗ್ಗೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದು, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು, ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುತ್ತಾರೆ. ಎರಡು, ಎತ್ತರ ಅಂದ್ರೆ ಇವರಿಗೆ ಭಯ. ಎರಡನೇದನ್ನು ಮಗನಿಗೆ ನಾವ್ಯಾರೂ ಹೇಳಿರಲಿಲ್ಲ.

ಮೊದಲ ದಿನ, ಮಂಗಳವಾರ

ಸೆಪ್ಟೆಂಬರ್ ಕೊನೆಯ ವಾರ. ಮಿಲ್ವಾಕಿಯಿಂದ ಶಿಕಾಗೊಗೆ ರೈಲಿನಲ್ಲಿ ಒಂದೂವರೆ ಗಂಟೆ. ಎರಡೂ ಮಿಷಿಗನ್ ಸರೋವರದ ದಡದ ಊರುಗಳೇ, ಆದ್ರೆ ರೈಲಿನ ಕಿಟಕಿಯಿಂದ ಸರೋವರ ಕಾಣುತ್ತೆ ಅಂತ ಕಾದು ಕೂತರೆ ಹೊಲ, ಗೋಡೌನು, ಮನೆಗಳ ಹಿತ್ತಿಲು ಇಷ್ಟೇ. ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದೆವು. 1925ರಲ್ಲಿ ಶುರುವಾದ ಸ್ಟೇಷನ್. ಅದರ ದೊಡ್ಡ ಹಾಲ್‌ನಲ್ಲಿ ಹಳೇ ಮರದ ಬೆಂಚುಗಳಿವೆ, ಮೇಲೆ ಗಾಜಿನ ಚಾವಣಿ. ಅಲ್ಲೇ ಕೂತು ಚಿತ್ರಾನ್ನದ ಡಬ್ಬಿ ಖಾಲಿ ಮಾಡಿ ಟ್ಯಾಕ್ಸಿ ಹತ್ತಿದೆವು.

ಹೋಟೆಲ್ ಬಾಗಿಲಲ್ಲಿ ಉದ್ದ ಕೋಟಿನವರೊಬ್ಬರು ಟ್ಯಾಕ್ಸಿ ಬಾಗಿಲು ತೆಗೆದರು. ಇನ್ನೊಬ್ಬ ಹುಡುಗ ಮಿರಮಿರ ಮಿಂಚುವ ಹಿತ್ತಾಳೆ ಗಾಡಿ ತಳ್ಳಿಕೊಂಡು ಬಂದ. ನಮ್ಮ ಹತ್ತಿರ ಇದ್ದದ್ದು ಚಕ್ರ ಮುರಿದ ಒಂದು ಸೂಟ್‌ಕೇಸ್, ಒಂದು ಬಟ್ಟೆ ಚೀಲ. ಬೇಡ ಬೇಡ ಅಂದರೂ ಕೇಳಲಿಲ್ಲ. ಸೂಟ್‌ಕೇಸನ್ನು ಗಾಡಿಯ ನಟ್ಟನಡುವೆ ಕೂರಿಸಿ, ಚೀಲವನ್ನು ಮೇಲಿನ ಕಂಬಿಗೆ ನೇತುಹಾಕಿ, ಉತ್ಸವಮೂರ್ತಿ ಹೊರಟ ಹಾಗೆ ಮುಂದೆ ಹೊರಟ. ನಾವಿಬ್ಬರೂ ಭಕ್ತರ ಥರ ಹಿಂದೆ.

ಚೆಕ್ ಇನ್ ಕೌಂಟರಿನಲ್ಲಿದ್ದ ಹುಡುಗಿ ನಗುನಗುತ್ತಾ ಕಾರ್ಡ್ ಕೇಳಿದಳು. ರೂಮು ಪಾಯಿಂಟ್ಸ್‌ನಲ್ಲಿ ಬುಕ್ ಆಗಿದ್ದರೂ, ಒಳಗೆ ತಿಂದದ್ದು ಕುಡಿದದ್ದಕ್ಕೆ ಅಂತ ದಿನಕ್ಕೆ 100 ಡಾಲರ್‌ನಂತೆ 400 ಡಾಲರ್ ತಡೆಹಿಡಿಯುತ್ತಾರಂತೆ. ಇವರು ಫಾರೆಕ್ಸ್ ಕಾರ್ಡ್ ಕೊಟ್ಟುಬಿಟ್ಟರು. ಎರಡೇ ಸೆಕೆಂಡಿಗೆ ಮೊಬೈಲ್ ಟಿಂಗ್ ಅಂತು, ಇವರ ಮುಖ ಇಳಿಯಿತು. ಹೋಗುವವರಿಗೆ ಒಂದು ಮಾತು: ಇಂಥ ಕಡೆ ಕ್ರೆಡಿಟ್ ಕಾರ್ಡ್ ಕೊಡಿ. ಅದರಲ್ಲಾದರೆ ಲಿಮಿಟ್ ಮಾತ್ರ ಕಮ್ಮಿಯಾಗುತ್ತೆ. ಫಾರೆಕ್ಸ್ ಅಥವಾ ಡೆಬಿಟ್ ಕಾರ್ಡ್ ಆದರೆ ನಿಮ್ಮ ಸ್ವಂತ ದುಡ್ಡೇ ಕೈಗೆ ಸಿಗದೆ ಕೂರುತ್ತೆ. ನಮ್ಮ ಪ್ರವಾಸದ ಕೈಖರ್ಚಿನಲ್ಲಿ ಅರ್ಧಕ್ಕರ್ಧ ಹಾಗೆ ಕೂತಿತು. ಪಾಯಿಂಟ್ಸ್ ಇಲ್ಲದೆ ದುಡ್ಡು ಕೊಟ್ಟು ಉಳಿಯುವವರಿಗೆ ಇನ್ನೊಂದು ಹೊಡೆತವೂ ಇದೆ. ಈ ಊರಲ್ಲಿ ಹೋಟೆಲ್ ಬಾಡಿಗೆ ಮೇಲೆ ಶೇಕಡಾ 17ಕ್ಕೂ ಜಾಸ್ತಿ ತೆರಿಗೆ. ವೆಬ್‌ಸೈಟಿನಲ್ಲಿ ಮೊದಲು ಕಾಣುವ ರೇಟು ನೋಡಿ ಖುಷಿಪಡಬೇಡಿ.

"ಒಳ್ಳೇ ಸುದ್ದಿ, ನಿಮಗೆ ಮೇಲಿನ ಮಹಡಿಗೆ ಅಪ್‌ಗ್ರೇಡ್ ಆಗಿದೆ, 44" ಅಂದಳು ಆ ಹುಡುಗಿ. ಇವರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಕೆಳಗಡೆ ಯಾವುದಾದ್ರೂ ಇದ್ಯಾ ಕೇಳೇ" ಅಂದರು. ನಾನು ಕೇಳಲಿಲ್ಲ. 30 ವರ್ಷದಲ್ಲಿ ಒಂದು ಸಲವಾದರೂ ನನ್ನ ಇಷ್ಟ ನಡೀಲಿ ಅಂತ.

ಲಿಫ್ಟ್ ಒಳಗೆ ಹೋದರೆ ಬಟನ್ನೇ ಇಲ್ಲ! ಬಾಗಿಲು ಮುಚ್ಚಿಕೊಂಡಿತು. ನಾವು ಗೋಡೆ ತಡಕಾಡಿದೆವು. ಬಾಗಿಲು ತೆರೆದುಕೊಂಡದ್ದು 29ರಲ್ಲಿ, ಯಾರೋ ಹೊರಗಿನಿಂದ ಕರೆದಿದ್ದರು. ಅವರ ಜೊತೆ ವಾಪಸ್ ಲಾಬಿಗೆ ಇಳಿದೆವು. ವಿಷಯ ಏನಪ್ಪಾ ಅಂದ್ರೆ, ಲಿಫ್ಟ್‌ನ ಹೊರಗೆ ಒಂದು ಪರದೆ ಇರುತ್ತೆ, ಅದಕ್ಕೆ ರೂಮಿನ ಕಾರ್ಡ್ ತೋರಿಸಿ ಮಹಡಿ ಒತ್ತಬೇಕು, ಆಗ ಅದು ಎ, ಬಿ, ಸಿ ಅಂತ ಯಾವ ಲಿಫ್ಟ್ ಹತ್ತಬೇಕೋ ಹೇಳುತ್ತೆ. ಒಂದೇ ಕಡೆ ಹೋಗುವವರನ್ನೆಲ್ಲ ಒಂದೇ ಲಿಫ್ಟಿಗೆ ತುಂಬಿಸುವ ಲೆಕ್ಕ. ಆ ಪರದೆಯಲ್ಲಿ ಇವರು ಕಂಡುಹಿಡಿದದ್ದು ಇನ್ನೊಂದು: 12 ಆದ ಮೇಲೆ 14. "ಅಂದ್ರೆ ನಾವಿರೋದು ನಿಜವಾಗಿ 43ನೇದು" ಅಂದರು. ಸ್ವಲ್ಪ ಸಮಾಧಾನ ಆದ ಹಾಗಿತ್ತು.

ಕಿವಿ ಎರಡು ಸಲ ಗಪ್ ಅಂತ ಕಟ್ಟಿಕೊಂಡು ಬಿಟ್ಟಿತು. ರೂಮಿನ ಬಾಗಿಲು ತೆಗೆದಾಗ ಒಳಗೆ ಕತ್ತಲೆ. ಮಂಚದ ಪಕ್ಕದ ಬಟನ್ ಒತ್ತಿದೆ, ಪರದೆ ತಾನಾಗಿಯೇ ನಿಧಾನಕ್ಕೆ ಸರಿಯಿತು. ಮೊದಲು ಒಂದು ಗೇಣು ನೀಲಿ. ಆಮೇಲೆ ಮಾರುದ್ದ ನೀಲಿ. ಆಮೇಲೆ ಗೋಡೆಯಿಂದ ಗೋಡೆಗೆ ನೀಲಿ, ನೆಲದಿಂದ ಚಾವಣಿವರೆಗೆ ಗಾಜು, ಆಚೆ ದಡ ಅನ್ನೋದೇ ಇಲ್ಲ. ಇವರು ಬಾಗಿಲ ಹತ್ತಿರವೇ ನಿಂತಿದ್ದರು. ಅಲ್ಲಿಂದಲೇ, "ಇದನ್ನ ಕೆರೆ ಅಂತಾರಾ?" ಅಂದರು.

ಅನ್ನೋದಕ್ಕೆ ಕೆರೆಯೇ. ಸಿಹಿನೀರು. ಆದ್ರೆ ಉದ್ದ 494 ಕಿ.ಮೀ., ಅಗಲ ಹೆಚ್ಚೆಂದರೆ 190 ಕಿ.ಮೀ., ಒಟ್ಟು ವಿಸ್ತೀರ್ಣ ಸುಮಾರು 58,000 ಚದರ ಕಿ.ಮೀ. ಕರ್ನಾಟಕದ ಮೂರರಲ್ಲಿ ಒಂದು ಪಾಲಿಗೆ ಹತ್ತಿರ ಹತ್ತಿರ. ನೀರಿನ ಮಧ್ಯೆ, ದಡದಿಂದ ತುಂಬಾ ದೂರದಲ್ಲಿ, ಬೆಂಕಿಪೊಟ್ಟಣದಷ್ಟು ಒಂದು ಮನೆ ಕಾಣುತ್ತಿತ್ತು. ಅಲ್ಲಿ ಯಾರಪ್ಪಾ ಇರ್ತಾರೆ ಅಂತ ನಾನು ಅವತ್ತೆಲ್ಲ ಅದನ್ನೇ ನೋಡುತ್ತಿದ್ದೆ.

ಬಚ್ಚಲಮನೆ ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ, ಬರೆದೇಬಿಡುತ್ತೇನೆ. ಬಚ್ಚಲಿಗೂ ಮಲಗುವ ಕೋಣೆಗೂ ಮಧ್ಯೆ ಇದ್ದದ್ದು ಗಾಜಿನ ಗೋಡೆ. ಸ್ನಾನ ಮಾಡುತ್ತಾ ಸರೋವರ ನೋಡಲಿ ಅಂತ ಇರಬೇಕು. ಆ ಗಾಜಿಗೆ ಪರದೆ ಇಳಿಸುವ ಬಟನ್ ಎಲ್ಲೋ ಇತ್ತು, ನಮಗೆ ಸಿಕ್ಕಿದ್ದು ಮೂರನೇ ದಿನ. ಅಲ್ಲಿವರೆಗೆ ಇವರ ಪಂಚೆಯೇ ಪರದೆ. ಟವೆಲ್ ಹಾಕುವ ಕಂಬಿಗೆ ಕಟ್ಟಿದ್ದು.

ಎರಡನೇ ದಿನ, ಬುಧವಾರ

ಸೂರ್ಯ ಹುಟ್ಟೋದು ಸರೋವರದ ಕಡೆಯಿಂದ. ಆರೂವರೆಗೆ ಎದ್ದು ಕಾದು ಕೂತೆ. ಏಳಕ್ಕೆ ಸ್ವಲ್ಪ ಮುಂಚೆ ನೀರಿನ ಅಂಚು ಕೆಂಪಾಯಿತು, ಒಂದು ಚೂರು ಮೇಲೆ ಬಂತು, ರೂಮಿನ ಬಿಳೀ ಹಾಸಿಗೆ ಎಲ್ಲ ಕಿತ್ತಳೆ ಬಣ್ಣ. ಚೆನ್ನಾಗಿತ್ತು. ಆದ್ರೆ ಏನೋ ಕೊರತೆ ಅನ್ನಿಸುತ್ತಿತ್ತು. ಏನು ಅಂತ ಆಮೇಲೆ ಗೊತ್ತಾಯಿತು, ಸದ್ದು. ಅಷ್ಟು ನೀರು ಕಣ್ಣ ಮುಂದೆ ಅಲುಗಾಡುತ್ತಿದೆ, ಒಂದು ಚೂರೂ ಕೇಳಿಸುತ್ತಿಲ್ಲ. ಕಿಟಕಿ ತೆಗೆಯೋಣ ಅಂದ್ರೆ ಹಿಡಿಯೇ ಇಲ್ಲ. ಟಿವಿ ಮ್ಯೂಟ್ ಮಾಡಿ ನೋಡಿದ ಹಾಗೆ.

ಹೋಟೆಲಿನ ತಿಂಡಿ ಮೆನು ನೋಡಿದೆವು. ಓಟ್ಸ್ ಗಂಜಿ 19 ಡಾಲರ್. ಇವರು ಮೆನು ಮಡಚಿಟ್ಟು, "ವಾಕಿಂಗ್ ಹೋಗೋಣ ಬಾ" ಅಂದರು.

ಆ ವಾಕಿಂಗೇ ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು. ರಸ್ತೆ ಕೆಳಗಿನ ಸುರಂಗದಾರಿ ದಾಟಿದರೆ ಸರೋವರದ ದಂಡೆ. 29 ಕಿ.ಮೀ. ಉದ್ದಕ್ಕೂ ನಡೆಯೋರಿಗೆ, ಸೈಕಲ್‌ನವರಿಗೆ ದಾರಿ ಮಾಡಿದ್ದಾರೆ. ದಡದಲ್ಲಿ ಅಗಲವಾದ ಕಾಂಕ್ರೀಟ್ ಮೆಟ್ಟಿಲು. ಕೆಳಗಿನ ಮೆಟ್ಟಿಲಲ್ಲಿ ಕೂತೆವು. ಅಲೆ ಬಂದು ಮೆಟ್ಟಿಲಿನ ಕೆಳಗಿನ ಪೊಳ್ಳಿಗೆ ಬಡಿದಾಗ ದೊಡ್ಡ ಹಂಡೆಗೆ ನೀರು ಸುರಿದ ಹಾಗೆ ಗುಡುಗುಡು ಸದ್ದು. ಒಬ್ಬ ಅಜ್ಜ ತೊಟ್ಟಿದ್ದ ಕೋಟ್ ಬಿಚ್ಚಿ ಮಡಚಿಟ್ಟು ಆ ಚಳಿಯಲ್ಲಿ ನೀರಿಗೆ ಇಳಿದ. ಕಸ ಗುಡಿಸುವವರು, ನಾಯಿ ಹಿಡಿದವರು, ರಾತ್ರಿ ಪಾಳಿ ಮುಗಿಸಿದ ನರ್ಸ್ ಒಬ್ಬಳು ಯೂನಿಫಾರ್ಮಿನಲ್ಲೇ ಕಾಫಿ ಹಿಡಿದು. ಯಾರೂ ಟಿಕೆಟ್ ಕೇಳೋದಿಲ್ಲ. ನಾನು ನೀರು ಬೊಗಸೆಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದೆ. ಉಪ್ಪಿಲ್ಲ ಅಂತ ಗೊತ್ತಿದ್ದರೂ ನಂಬಿಕೆ ಬರಬೇಕಲ್ವಾ.

ಈ ದಂಡೆಯ ಬಹುಪಾಲು ಖಾಲಿ ಉಳಿದದ್ದು ತಾನಾಗಿ ಅಲ್ಲ. 1836ರಲ್ಲಿ ಮಾಡಿದ ನಕ್ಷೆಯೊಂದರಲ್ಲಿ ಊರಿನ ಮುಂದಿನ ದಡದ ಒಂದು ಪಟ್ಟಿಯ ಮೇಲೆ, ಇದು ಸಾರ್ವಜನಿಕರ ಜಾಗ, ಯಾವ ಕಟ್ಟಡವೂ ಇಲ್ಲದೆ ಎಂದೆಂದಿಗೂ ಬಯಲಾಗಿಯೇ ಇರಬೇಕು ಅನ್ನೋ ಅರ್ಥದ ಒಕ್ಕಣೆ ಬರೆದಿದ್ದರು. ಬರೆದದ್ದನ್ನು ಯಾರು ಕೇಳ್ತಾರೆ! ಆರನ್ ಮಾಂಟ್‌ಗೊಮರಿ ವಾರ್ಡ್ ಅನ್ನೋ ವ್ಯಾಪಾರಿ, ಅಂಚೆಯಲ್ಲಿ ಸಾಮಾನು ಮಾರಿ ದೊಡ್ಡ ಶ್ರೀಮಂತನಾದವನು, ಅದೇ ಸಾಲನ್ನು ಹಿಡಿದು 1890ರಿಂದ ಸುಮಾರು 20 ವರ್ಷ ಕೋರ್ಟಿನಲ್ಲಿ ಬಡಿದಾಡಿದ. ಊರಿನ ದೊಡ್ಡವರೆಲ್ಲ ಅವನನ್ನು ಬೈದರು. ಕೊನೆಗೆ ಅವನೇ ಗೆದ್ದ. ಇವತ್ತಿನ ಗ್ರಾಂಟ್ ಪಾರ್ಕ್ ಬಯಲಾಗಿ ಉಳಿದದ್ದು ಅದರಿಂದ. ನಮ್ಮ ಹೋಟೆಲಿನಲ್ಲಿ ಸರೋವರ ಕಾಣುವ ರೂಮಿಗೆ ಬಾಡಿಗೆ ಜಾಸ್ತಿ. ಮೆಟ್ಟಿಲಲ್ಲಿ ಕೂತರೆ ಸದ್ದೂ ಸೇರಿ ಬಿಟ್ಟಿ.

ವಾಪಸ್ ಬರುತ್ತಾ ಹಳೇ ವಾಟರ್ ಟವರ್ ನೋಡಿದೆವು. ಸುತ್ತಲಿನ ಗಾಜಿನ ಕಟ್ಟಡಗಳ ಮಧ್ಯೆ ಹಳದಿ ಕಲ್ಲಿನ ಆಟಿಕೆ ಕೋಟೆ ಥರ. 1869ರದ್ದು. ಎರಡೇ ವರ್ಷಕ್ಕೆ, 1871ರ ಅಕ್ಟೋಬರಿನಲ್ಲಿ ಊರಿಗೆ ಬೆಂಕಿ ಬಿದ್ದು ಸುಮಾರು 300 ಜನ ಸತ್ತು ಲಕ್ಷದಷ್ಟು ಜನ ಮನೆ ಕಳೆದುಕೊಂಡಾಗ, ಆ ಭಾಗದಲ್ಲಿ ಉಳಿದುಕೊಂಡ ಕೆಲವೇ ಕಟ್ಟಡಗಳಲ್ಲಿ ಇದೊಂದು. ಬೂದಿಯಾದ ಊರನ್ನು ಮತ್ತೆ ಕಟ್ಟುವಾಗ ಜಾಗ ದುಬಾರಿಯಾಗಿತ್ತು, ಉಕ್ಕು ಬಂದಿತ್ತು, ಲಿಫ್ಟ್ ಬಂದಿತ್ತು. ಹಾಗಾಗಿ ಮೇಲಕ್ಕೆ ಬೆಳೆದರು. 1885ರಲ್ಲಿ ಇಲ್ಲಿ ಕಟ್ಟಿದ ಹತ್ತು ಮಹಡಿಯ ಹೋಮ್ ಇನ್ಶೂರೆನ್ಸ್ ಕಟ್ಟಡವನ್ನೇ ಮೊದಲ ಗಗನಚುಂಬಿ ಅಂತ ಎಷ್ಟೋ ಜನ ಹೇಳುತ್ತಾರೆ. ಅದು ಈಗ ಇಲ್ಲ, 1931ರಲ್ಲಿ ಕೆಡವಿದರು.

ಮಧ್ಯಾಹ್ನ ಊರ ನಡುವೆ ಹರಿಯುವ ಶಿಕಾಗೊ ನದಿಯಲ್ಲಿ ದೋಣಿ ಸವಾರಿ. ಒಂದೂವರೆ ಗಂಟೆ, ಗೈಡ್ ಜೊತೆ. ಶಿಕಾಗೊಗೆ ಹೋಗಿ ಒಂದೇ ಒಂದು ಟಿಕೆಟ್ ತಗೊಳ್ಳೋದಾದರೆ ಇದನ್ನೇ ತಗೊಳ್ಳಿ. ಗಗನಚುಂಬಿಗಳನ್ನು ಮೇಲಿನಿಂದ ನೋಡೋದಲ್ಲ, ನೀರಿನ ಮಟ್ಟದಿಂದ ಕತ್ತೆತ್ತಿ ನೋಡಬೇಕು. ಇವರಿಗೂ ಕೆಳಗಿದ್ದು ಮೇಲೆ ನೋಡೋದಾದ್ರೆ ಭಯವಿಲ್ಲ. ಬೆರಳು ಮೇಲೆ ಮಾಡಿಕೊಂಡು ಒಂದೊಂದೇ ಕಟ್ಟಡದ ಮಹಡಿ ಎಣಿಸುತ್ತಾ, ಐವತ್ತರ ಹತ್ತಿರ ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರು.

ಮುಸುಕಿನ ಜೋಳದ ತೆನೆ ಥರ ಎರಡು ದುಂಡನೆ ಕಟ್ಟಡಗಳಿವೆ, ಮರೀನಾ ಸಿಟಿ. ಕೆಳಗಿನ 19 ಮಹಡಿ ಪೂರ್ತಿ ಕಾರ್ ಪಾರ್ಕಿಂಗ್, ಸುತ್ತಿಕೊಂಡು ಮೇಲೆ ಹೋಗುವ ಇಳಿಜಾರು. ಕಾರುಗಳ ಹಿಂಭಾಗ ಅಂಚಿನಲ್ಲಿ ನದಿ ಕಡೆ ಇಣುಕುತ್ತಿತ್ತು. ದೂರದಲ್ಲಿ 442 ಮೀಟರಿನ ಕಪ್ಪು ವಿಲ್ಲಿಸ್ ಟವರ್, ಹಳೇ ಹೆಸರು ಸಿಯರ್ಸ್ ಟವರ್. 1998ರವರೆಗೆ ಪ್ರಪಂಚದಲ್ಲೇ ಎತ್ತರದ್ದು. ಅದನ್ನು ನಿಲ್ಲಿಸಿದ ಎಂಜಿನಿಯರ್ ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್ ಅಂತ ಗೈಡ್ ಹೇಳಿದಾಗ ನಾವಿಬ್ಬರೂ ನಮ್ಮ ನೆಂಟರ ಹೆಸರು ಬಂದ ಹಾಗೆ ನೆಟ್ಟಗೆ ಕೂತೆವು. ಒಂಬತ್ತು ಚೌಕ ಕೊಳವೆಗಳನ್ನು ಒಟ್ಟಿಗೆ ಕಟ್ಟಿದ ಹಾಗಿದೆ ಅದರ ಒಳಗಿನ ರಚನೆ. ಇವರು ಎದುರಿಗಿದ್ದ ಕಾಫಿ ಕಲಕುವ ಕಡ್ಡಿಗಳನ್ನು ಹಿಡಿಕಟ್ಟಿ, "ನೋಡೇ, ಒಂದನ್ನ ಮುರೀಬಹುದು, ಹೊರೆ ಮುರಿಯೋಕಾಗಲ್ಲ, ಇಷ್ಟೇ ವಿಷ್ಯ" ಅಂದರು. ಕೊಳವೆಗಳು ಬೇರೆ ಬೇರೆ ಎತ್ತರಕ್ಕೆ ನಿಂತುಬಿಡೋದರಿಂದ ಗಾಳಿಗೂ ಒಂದೇ ಸಮನೆ ಹೊಡೆಯೋಕೆ ಆಗಲ್ಲವಂತೆ.

ಗಾಳಿ ವಿಷಯಕ್ಕೆ ಇನ್ನೂ ಒಂದು. 2020ರಲ್ಲಿ ಮುಗಿದ ಸೇಂಟ್ ರೀಜಿಸ್, 101 ಮಹಡಿ, 363 ಮೀಟರ್, ಜೀನ್ ಗ್ಯಾಂಗ್ ಅನ್ನೋ ಮಹಿಳೆಯ ವಿನ್ಯಾಸ. ಅದರಲ್ಲಿ 83ನೇ ಮಹಡಿಯನ್ನು ಖಾಲಿ ಬಿಟ್ಟಿದ್ದಾರೆ. ಗಾಜಿಲ್ಲ, ಗೋಡೆಯಿಲ್ಲ. ಗಾಳಿ ಆ ಕಡೆಯಿಂದ ಬಂದು ಈ ಕಡೆ ಹೋಗಲಿ, ಕಟ್ಟಡ ಕಮ್ಮಿ ಓಲಾಡಲಿ ಅಂತ. ಓಲಾಡುತ್ತೆ ಅನ್ನೋ ಮಾತು ಇವರ ಕಿವಿಗೆ ಬೀಳಬಾರದಿತ್ತು. ಬಿತ್ತು.

ನೀರಿನ ಮಧ್ಯದ ಪುಟ್ಟ ಮನೆ ಬಗ್ಗೆ ಗೈಡನ್ನು ಕೇಳಿದೆ. ಅದು ಮನೆ ಅಲ್ಲ, ಊರಿಗೆ ಕುಡಿಯುವ ನೀರು ಎಳೆದುಕೊಳ್ಳುವ ಜಾಗ. ಅಲ್ಲಿಂದ ಸರೋವರದ ತಳದ ಕೆಳಗೆ ಸುರಂಗ ತೋಡಿ ನೀರು ತರುತ್ತಾರೆ. ಇಂಥ ಮೊದಲ ಸುರಂಗ 1867ರದ್ದು. ಯಾಕೆ ಅಷ್ಟು ದೂರ ಅಂದ್ರೆ, ದಡದ ಹತ್ತಿರದ ನೀರಿಗೆ ಊರಿನ ಕೊಳಚೆ ಎಲ್ಲ ಈ ನದಿಯೇ ತಂದು ಸುರಿಯುತ್ತಿತ್ತು. ಅಷ್ಟು ದೂರ ಹೋದರೂ ಸಾಕಾಗಲಿಲ್ಲ. ಕೊನೆಗೆ 45 ಕಿ.ಮೀ. ಕಾಲುವೆ ತೋಡಿ, 1900ರಲ್ಲಿ ನದಿಯನ್ನೇ ಹಿಂದೆ ತಿರುಗಿಸಿಬಿಟ್ಟರು. ಸರೋವರಕ್ಕೆ ಬರುತ್ತಿದ್ದ ನದಿ ಸರೋವರದಿಂದ ಹೊರಗೆ ಹರಿಯತೊಡಗಿತು, ಕೊಳಚೆ ಮಿಸಿಸಿಪ್ಪಿ ಕಡೆ ಹೋಯಿತು. "ಅಲ್ಲಿ ಕೆಳಗಿನೂರಿನವರು ಸುಮ್ನಿದ್ರಾ?" ಅಂದರು ಇವರು. ಸುಮ್ಮನಿರಲಿಲ್ಲ, ಮಿಸೌರಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, ಸೋತಿತು. ನದಿ ನೀರಿನ ಜಗಳದ ಕಥೆ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ ಬಿಡಿ.

ಮೂರನೇ ದಿನ, ಗುರುವಾರ

ಮಂಗಳವಾರ, ಬುಧವಾರ ಆರ್ಟ್ ಇನ್‌ಸ್ಟಿಟ್ಯೂಟ್ ಅನ್ನೋ ಕಲಾ ಮ್ಯೂಸಿಯಮ್ಮಿಗೆ ರಜೆ, ಅದಕ್ಕೇ ಗುರುವಾರ ಹೋದೆವು. ನಮಗೆ ಮುಖ್ಯವಾಗಿದ್ದದ್ದು ಒಳಗಿನ ಚಿತ್ರಗಳಲ್ಲ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ್ದು ಇದೇ ಕಟ್ಟಡದಲ್ಲಿ. ಹೊರಗೆ ಮಿಷಿಗನ್ ಅವೆನ್ಯೂನಲ್ಲಿ ಅವರ ಹೆಸರಿನ ಕಂದು ಬಣ್ಣದ ಬೋರ್ಡ್ ಇದೆ. ಆವತ್ತಿನ ದೊಡ್ಡ ಸಭಾಂಗಣ ಈಗಿಲ್ಲ. ಒಳಗಿನ ದೊಡ್ಡ ಮೆಟ್ಟಿಲುಗಳ ಮೇಲೆ 2010ರಲ್ಲಿ ಜಿತೀಶ್ ಕಲ್ಲಟ್ ಅನ್ನೋ ಕಲಾವಿದರು ಆ ಭಾಷಣವನ್ನು ಬಣ್ಣದ ದೀಪದ ಅಕ್ಷರಗಳಲ್ಲಿ ಮೂಡಿಸಿದ್ದರಂತೆ, ಒಂದೊಂದು ಮೆಟ್ಟಿಲಿಗೆ ಒಂದೊಂದು ಸಾಲು. ಈಗ ಬರೀ ಕಲ್ಲು. ಇವರು ಚಪ್ಪಲಿ ಬಿಡಬೇಕೋ ಏನೋ ಅಂತ ಒಂದು ಗಳಿಗೆ ಅನುಮಾನಿಸಿದ್ದನ್ನು ನಾನು ನೋಡಿದೆ. ಆಮೇಲೆ ಮೆಟ್ಟಿಲು ಎಣಿಸುತ್ತಾ ಹತ್ತಿದರು.

ಪಕ್ಕದಲ್ಲೇ ಮಿಲೇನಿಯಂ ಪಾರ್ಕ್, ಅದರಲ್ಲಿ ಅನಿಶ್ ಕಪೂರ್ ಅನ್ನೋ ಕಲಾವಿದರು ಮಾಡಿದ, ಅವರೆಕಾಳಿನ ಆಕಾರದ ಆ ಹೊಳೆಯುವ ದೊಡ್ಡ ಶಿಲ್ಪ. ಫೋಟೊ ತೆಗೆದೆವು. ಎಲ್ಲರೂ ತೆಗೆಯುತ್ತಾರೆ.

ವಿಲ್ಲಿಸ್ ಟವರಿನ 103ನೇ ಮಹಡಿಯಲ್ಲಿ ಹೊರಗೆ ಚಾಚಿದ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಬಹುದು, ಹೋಗೋಣವಾ ಅಂದೆ. "ಹಾಸಿಗೆಯಿಂದಲೇ ಬೇಕಾದಷ್ಟು ಕಾಣ್ತಿದೆ, ದುಡ್ಡು ಬೇರೆ ಕೊಟ್ಟು ಹೆದರಿಕೊಳ್ಳಬೇಕಾ" ಅಂದರು.

ದುಡ್ಡು ಕೊಡದೆಯೇ ಹೆದರಿಕೊಳ್ಳುವ ಯೋಗ ಅವತ್ತು ರಾತ್ರಿಯೇ ಬಂತು. ಸಂಜೆಯಿಂದ ಮೋಡ. ಹತ್ತು ಗಂಟೆ ಹೊತ್ತಿಗೆ ಉತ್ತರದಿಂದ ಗಾಳಿ ಶುರುವಾಯಿತು. ಗಾಜಿನ ಅಂಚಿನಲ್ಲಿ ಯಾರೋ ಖಾಲಿ ಬಾಟಲಿ ಬಾಯಿಗೆ ಊದಿದ ಹಾಗೆ ಸದ್ದು. ಆಮೇಲೆ ಗೋಡೆಯೊಳಗಿಂದ ಕಿರ್... ಕಿರ್... ಹಳೇ ಎತ್ತಿನ ಗಾಡಿಯ ಥರ, ನಿಧಾನ, ಒಂದೇ ಲಯ. ನನಗೆ ನಿದ್ದೆ ಹತ್ತುತ್ತಿತ್ತು. ಇವರು ಬಚ್ಚಲಿಂದ, "ಬಾರೇ ಇಲ್ಲಿ" ಅಂತ ಕೂಗಿದರು. ಹೋಗಿ ನೋಡಿದರೆ ಕಮೋಡ್ ಪಕ್ಕ ಬಗ್ಗಿ ನಿಂತಿದ್ದಾರೆ. ಅದರೊಳಗಿನ ನೀರು ಆ ಕಡೆ ಈ ಕಡೆ ತೂಗುತ್ತಿತ್ತು. ಲೋಟ ಹಿಡಿದು ಮೆಲ್ಲಗೆ ಅಲ್ಲಾಡಿಸಿದ ಹಾಗೆ. ನಾವು ಕಾಲ ಕೆಳಗೆ ಏನೂ ಗೊತ್ತಾಗದೆ ನಿಂತಿದ್ದೇವೆ, ನೀರಿಗೆ ಮಾತ್ರ ಗೊತ್ತಾಗಿದೆ.

ಫೋನ್ ಮಾಡಿದೆ. ಕೆಳಗಿನ ಹುಡುಗ ದಿನಾ ಹೇಳುವವನ ಹಾಗೆ, "ಎತ್ತರದ ಕಟ್ಟಡ ಓಲಾಡಬೇಕು ಮೇಡಂ, ಓಲಾಡದಿದ್ದರೇ ತೊಂದರೆ" ಅಂದ. ಗಟ್ಟಿಯಾಗಿ ನಿಂತ ಮರ ಮುರಿಯುತ್ತೆ, ಬಾಗುವ ಮರ ಉಳಿಯುತ್ತೆ ಅನ್ನೋ ಲೆಕ್ಕ. ಇವರಿಗೆ ಹೇಳಿದೆ. "ಅವನಿರೋದು ಗ್ರೌಂಡ್ ಫ್ಲೋರಿನಲ್ಲಿ" ಅಂದರು. ರಾತ್ರಿ ಎರಡರವರೆಗೆ ಸೋಫಾವನ್ನು ಬಾಗಿಲ ಹತ್ತಿರ ಎಳೆದುಕೊಂಡು ಕೂತಿದ್ದರು, ಷೂ ಹಾಕಿಕೊಂಡು. ಶಿಕಾಗೊಗೆ ವಿಂಡಿ ಸಿಟಿ ಅನ್ನೋ ಹೆಸರು ಗಾಳಿಯಿಂದಲ್ಲ, ಬಾಯಿಬಡುಕ ರಾಜಕಾರಣಿಗಳಿಂದ ಬಂತು ಅನ್ನೋರೂ ಇದ್ದಾರೆ. ಆ ರಾತ್ರಿ ಇವರ ಮುಂದೆ ಯಾರಾದ್ರೂ ಹಾಗಂದಿದ್ದರೆ ಸರಿಯಾಗಿ ಬೈಸಿಕೊಳ್ಳುತ್ತಿದ್ದರು.

ನಾಲ್ಕನೇ ದಿನ, ಶುಕ್ರವಾರ

ಗಾಳಿ ನಿಂತಿತ್ತು. ಇವರು ಮಲಗಿದ್ದರು, ಏಳು ಗಂಟೆಗೆ ನಾನೊಬ್ಬಳೇ ಕೆಳಗೆ ಇಳಿದೆ. ಹೋಟೆಲಿನ ಪಕ್ಕದ ಗೋಡೆಯ ಬುಡದಲ್ಲಿ, ಹೂಕುಂಡದ ಹಿಂದೆ ಒಂದು ಪುಟ್ಟ ಹಕ್ಕಿ ಬಿದ್ದಿತ್ತು. ಗುಬ್ಬಚ್ಚಿ ಗಾತ್ರ. ಬೆನ್ನು ಕಂದು, ಕುತ್ತಿಗೆ ಅಡಿಯಲ್ಲಿ ಬೆಳ್ಳಗೆ ಒಂದು ಚೌಕ, ಕಣ್ಣಿನ ಮುಂದೆ ಅರಿಶಿನ ಇಟ್ಟ ಹಾಗೆ ಹಳದಿ ಚುಕ್ಕೆ. ಸತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿ, ಬಾಯಿ ತೆರೆದು, ಎದೆ ಮಾತ್ರ ಪಟಪಟ ಹೊಡೆದುಕೊಳ್ಳುತ್ತಿತ್ತು.

ಮುಟ್ಟಬೇಕೋ ಬಿಡಬೇಕೋ ಅಂತ ಬಗ್ಗಿ ಕೂತಿದ್ದಾಗ ಹಸಿರು ಜಾಕೆಟ್ ಹಾಕಿದ್ದ ಹೆಂಗಸೊಬ್ಬರು ಬಂದರು, ಕೈಯಲ್ಲಿ ಚಿಟ್ಟೆ ಹಿಡಿಯುವಂಥ ಬಲೆ. ಹಕ್ಕಿಯ ಮೇಲೆ ಬಲೆ ಇಟ್ಟು, ಒಂದೇ ಕೈಯಲ್ಲಿ ಮೆತ್ತಗೆ ಎತ್ತಿ, ಕಂದು ಕಾಗದದ ಚೀಲಕ್ಕೆ ಹಾಕಿ, ಬಾಯಿ ಎರಡು ಸಲ ಮಡಚಿ ಬಟ್ಟೆ ಕ್ಲಿಪ್ ಹಾಕಿದರು. ಚೀಲದ ಮೇಲೆ ಹೊತ್ತು, ಜಾಗ ಬರೆದರು. ಅವರ ತೋಳಿನ ಬುಟ್ಟಿಯಲ್ಲಿ ಅಂಥ ಏಳೆಂಟು ಚೀಲ ಆಗಲೇ ಇದ್ದವು. ಒಂದೆರಡು ಒಳಗಿನಿಂದ ಪರಪರ ಅನ್ನುತ್ತಿದ್ದವು, ಉಳಿದವು ಸುಮ್ಮನಿದ್ದವು.

ಹಕ್ಕಿಗಳು ವಲಸೆ ಹೋಗುವ ಕಾಲದಲ್ಲಿ ಇಂಥ ಸ್ವಯಂಸೇವಕರು ದಿನಾ ಬೆಳಗಿನ ಜಾವ ಬೀದಿ ಬೀದಿ ಸುತ್ತುತ್ತಾರೆ. ಬದುಕಿದ್ದರೆ ಆಸ್ಪತ್ರೆಗೆ, ಸತ್ತಿದ್ದರೆ ಫೀಲ್ಡ್ ಮ್ಯೂಸಿಯಮ್ಮಿಗೆ. ಚಳಿ ಶುರುವಾಗುವಾಗ ಉತ್ತರದ ಗಾಳಿ ಬೆನ್ನಿಗೆ ಹಾಕಿಕೊಂಡು ರಾತ್ರಿಯಲ್ಲಿ ಲಕ್ಷಾಂತರ ಹಕ್ಕಿಗಳು ಈ ಸರೋವರದ ಅಂಚು ಹಿಡಿದು ದಕ್ಷಿಣಕ್ಕೆ ಹೋಗುತ್ತವೆ. ನಮ್ಮನ್ನು ನಿದ್ದೆಗೆಡಿಸಿದ ಗಾಳಿ ಅವಕ್ಕೆ ಹೊರಡೋ ಬಸ್ಸು. ಕಟ್ಟಡಗಳ ದೀಪ ಅವನ್ನು ಎಳೆಯುತ್ತೆ, ಗಾಜು ಆಕಾಶದ ಥರ ಕಾಣುತ್ತೆ. 2023ರ ಅಕ್ಟೋಬರಿನಲ್ಲಿ ಸರೋವರದ ದಡದ ಮಕಾರ್ಮಿಕ್ ಪ್ಲೇಸ್ ಅನ್ನೋ ಒಂದೇ ಕಟ್ಟಡಕ್ಕೆ ಬಡಿದು ಒಂದೇ ರಾತ್ರಿಯಲ್ಲಿ ಸಾವಿರದ ಹತ್ತಿರ ಹತ್ತಿರ ಹಕ್ಕಿ ಸತ್ತವು. ಮರುವರ್ಷ ಅದರ ಗಾಜಿಗೆ ಚುಕ್ಕಿ ಚುಕ್ಕಿಯ ಹಾಳೆ ಅಂಟಿಸಿದರು, ಸಾವು ತುಂಬಾ ಕಮ್ಮಿಯಾಯಿತು. 1978ರಿಂದ 2016ರವರೆಗೆ ಈ ಊರಲ್ಲಿ ಹೀಗೆ ಬಿದ್ದ 70,716 ಹಕ್ಕಿಗಳನ್ನು ಒಂದೊಂದಾಗಿ ಅಳೆದು ಇಟ್ಟಿದ್ದಾರೆ. ಹಕ್ಕಿಗಳ ಮೈ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆ ಅಂತ ಆ ಲೆಕ್ಕದಿಂದಲೇ ಗೊತ್ತಾದದ್ದು. ಇವರಿಗೆ ಆ ಅಂಕಿ ಹೇಳಿದಾಗ, "ಎಪ್ಪತ್ತು ಸಾವಿರದ ಏಳುನೂರಾ ಹದಿನಾರು" ಅಂತ ಒಂದು ಸಲ ಮೆಲ್ಲಗೆ ಹೇಳಿಕೊಂಡರು. ಎಣಿಸಿದವರ ಕಷ್ಟ ಇವರಿಗೆ ಗೊತ್ತು.

ಮೇಲೆ ಬಂದು ನೋಡಿದೆ. ಟೇಬಲ್ ಮೇಲೆ ಒಂದು ಪುಟ್ಟ ಚೀಟಿ ಮೊದಲ ದಿನದಿಂದಲೂ ಇತ್ತು, ವಲಸೆ ಕಾಲದಲ್ಲಿ ರಾತ್ರಿ ದಯವಿಟ್ಟು ಪರದೆ ಮುಚ್ಚಿ ಅಂತ. ಮೂರು ರಾತ್ರಿ ಎಲ್ಲ ದೀಪ ಹಾಕಿ, ಪರದೆ ತೆರೆದೇ ಮಲಗಿದ್ದೆವು. ಆ ಚೀಟಿಯ ಮೇಲೆ ಇವರ ಕಾಫಿ ಲೋಟದ ಗುರುತು ಬಿದ್ದಿತ್ತು.

ಮಧ್ಯಾಹ್ನ ಹೊಟ್ಟೆಗೆ ಏನಾದ್ರೂ ಹುಳಿ ಖಾರ ಬೇಕಾಗಿತ್ತು. ರೆಡ್ ಲೈನ್ ರೈಲಿನಲ್ಲಿ ಲೊಯೋಲಾ ಸ್ಟೇಷನ್, ಅಲ್ಲಿಂದ 155 ನಂಬರ್ ಬಸ್ಸಿನಲ್ಲಿ ಡೆವನ್ ಅವೆನ್ಯೂ. ಆ ರಸ್ತೆಯ ಒಂದು ಭಾಗಕ್ಕೆ ಗಾಂಧಿ ಮಾರ್ಗ ಅಂತಲೂ ಬೋರ್ಡ್ ಇದೆ. ಸೀರೆ ಅಂಗಡಿ, ಒಡವೆ ಅಂಗಡಿ, ಸ್ಟೀಲ್ ಪಾತ್ರೆ, ಕರಿಬೇವು. ಎರಡು ಮಸಾಲೆ ದೋಸೆ, ಒಂದು ಮೊಸರಿನ ಡಬ್ಬಿ ಕಟ್ಟಿಸಿಕೊಂಡೆವು. ಹೋಟೆಲಿನ ಓಟ್ಸ್ ಗಂಜಿಗಿಂತ ಕಮ್ಮಿ ದುಡ್ಡಿಗೆ ಇಬ್ಬರ ಹೊಟ್ಟೆಯೂ ತುಂಬಿತು. ಮೊಸರನ್ನು ತಂದು ರೂಮಿನ ಪುಟ್ಟ ಫ್ರಿಜ್ಜಿನಲ್ಲಿ, ಅಲ್ಲಿದ್ದ ಬಾಟಲಿಗಳನ್ನು ಹೊರಗಿಟ್ಟು ಜಾಗ ಮಾಡಿ ಇಟ್ಟೆ. ಇದು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತೆ.

ಕೊನೆಯ ರಾತ್ರಿ. ಪರದೆ ಮುಚ್ಚಬೇಕು, ಆದ್ರೆ ನೋಡಲೂಬೇಕು. ಇವರೇ ಉಪಾಯ ಹೇಳಿದರು, "ದೀಪ ಎಲ್ಲ ಆರಿಸಿಬಿಡು, ಪರದೆ ತೆರೆದಿರಲಿ." ಟಿವಿಯ ಕೆಂಪು ಚುಕ್ಕೆಗೂ ಕರವಸ್ತ್ರ ಮುಚ್ಚಿದೆವು. ಆಗ ಗೊತ್ತಾದದ್ದು, ಮೂರು ರಾತ್ರಿ ನಾವು ಗಾಜಿನಲ್ಲಿ ನೋಡಿದ್ದು ನಮ್ಮ ರೂಮನ್ನೇ. ಮಂಚ, ದೀಪ, ಪಂಚೆ, ನಾವು. ಕತ್ತಲಾದ ಮೇಲೆ ಗಾಜೇ ಇಲ್ಲದ ಹಾಗಾಯಿತು. ದಡದ ರಸ್ತೆಯ ದೀಪದ ಸಾಲು ಬಾಗಿಕೊಂಡು ಹೋಗಿ ಒಂದು ಕಡೆ ನಿಂತುಬಿಡುತ್ತೆ, ಅಲ್ಲಿಂದಾಚೆ ಬರೀ ಕಪ್ಪು. ಆ ಕಪ್ಪಿನಲ್ಲಿ ತುಂಬಾ ದೂರ ಒಂದು ಮಿಣುಕು, ನೀರಿನ ಮಧ್ಯದ ಆ ಮನೆಯದ್ದೇ ಇರಬೇಕು. ಇವರು ಮೊದಲ ಸಲ ಕಿಟಕಿ ಹತ್ತಿರ ಬಂದು ನಿಂತರು. ಕೆಳಗೆ ನೋಡಲಿಲ್ಲ, ನೇರ ನೋಡುತ್ತಿದ್ದರು. ನಾನೇನೂ ಮಾತಾಡಲಿಲ್ಲ.

ಐದನೇ ದಿನ, ಶನಿವಾರ

ಚೆಕ್ ಔಟ್ ಬಿಲ್ಲಿನಲ್ಲಿ 61 ಡಾಲರ್. ಮಿನಿಬಾರ್: ಎರಡು ವೈನ್, ಒಂದು ಬಿಯರ್, ಒಂದು ನೀರು. ಇವರು ಬಿಲ್ ಎರಡು ಸಲ ಓದಿ ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಿದೆ. ಫ್ರಿಜ್ಜಿನಲ್ಲಿ ಸೆನ್ಸರ್ ಇರುತ್ತಂತೆ, ಬಾಟಲಿ ಎತ್ತಿ ಸ್ವಲ್ಪ ಹೊತ್ತು ಹೊರಗಿಟ್ಟರೆ ಕುಡಿದ ಲೆಕ್ಕ. "ನಾವು ಇಟ್ಟದ್ದು ಮೊಸರು" ಅಂತ ವಿವರಿಸಿದೆ. ಕೌಂಟರಿನವರು ಯಾರನ್ನೋ ಮೇಲೆ ಕಳಿಸಿ, ಬಾಟಲಿಗಳು ಟೇಬಲ್ ಮೇಲೆ ಸಾಲಾಗಿ ನಿಂತಿರೋದು ಖಾತ್ರಿ ಮಾಡಿಕೊಂಡು ಬಿಲ್ ಅಳಿಸಿದರು. ಮೊಸರಿನ ಡಬ್ಬಿ ನೆನಪಾದದ್ದು ಟ್ಯಾಕ್ಸಿಯಲ್ಲಿ. ಅಲ್ಲೇ ಉಳಿಯಿತು. ತಡೆಹಿಡಿದ 400 ಡಾಲರ್ ಕಾರ್ಡಿಗೆ ವಾಪಸ್ ಬರೋಕೆ ಒಂಬತ್ತು ದಿನ ಹಿಡಿಯಿತು. ಇವರು ದಿನಾ ಬೆಳಿಗ್ಗೆ ನೋಡುತ್ತಿದ್ದರು.

ಮಿಲ್ವಾಕಿಯಲ್ಲಿ ಮಗ ಸ್ಟೇಷನ್ನಿಗೆ ಬಂದಿದ್ದ. "ಹೆಂಗಿತ್ತಪ್ಪಾ?" ಅಂದ. "ಚೆನ್ನಾಗಿತ್ತು, ಕೆರೆ ದೊಡ್ಡದು" ಅಂದರು. ಅವನ ಅಪಾರ್ಟ್‌ಮೆಂಟ್ ಎರಡನೇ ಮಹಡಿಯಲ್ಲಿ. ಲಿಫ್ಟ್‌ನಲ್ಲಿ ಬಟನ್ ಇತ್ತು. ಇವರು ಎರಡು ಸಲ ಒತ್ತಿದರು.